ಕೀಲಿನ ಕೆಳಗೆ ಕೈ

ನನ್ನ ಬಲಗೈಯ ಉಂಗುರ ಬೆರಳಿಗೆ ತುದಿಯ ಗಿಣ್ಣು ಇಲ್ಲ. ನಡುಬೆರಳು ಅರ್ಧ ಮಾತ್ರ ಮಡಚುತ್ತದೆ. ಏನಾಯಿತು ಎಂದು ಕೇಳಿದವರಿಗೆ ದೋಣಿ ಬಿತ್ತು ಎಂದು ಹೇಳಿ ಮುಗಿಸುತ್ತೇನೆ. ಅದು ನಿಜವಲ್ಲ. ದೋಣಿ ಅಲ್ಲಾಡಿರಲಿಲ್ಲ. ಬಿದ್ದದ್ದು ಅದರ ಕೀಲ್. ಅದನ್ನು ಎತ್ತಿ ಹಿಡಿದಿದ್ದ ಕೇಬಲ್ಲನ್ನು ಒರೆಸಿ ನೋಡಿ, ಸರಿ ಇದೆ ಎಂದು ಚೀಟಿಯಲ್ಲಿ ಬರೆದವನು ನಾನೇ.

ನಾನು ತಿಕೋಟಾದವನು. ವಿಜಯಪುರದಿಂದ ಅಥಣಿ ರಸ್ತೆ ಹಿಡಿದರೆ ಸುಮಾರು 20 ಕಿಲೋಮೀಟರ್. ಎರಡು ಎಕರೆ ದ್ರಾಕ್ಷಿ. ಮೂರು ಬೋರ್ ಕೊರೆಸಿದ್ದೆವು, ಮೂರೂ ಒಂದೊಂದಾಗಿ ನಿಂತವು. ಟ್ಯಾಂಕರ್ ನೀರು ಹಾಕಿ ಬಳ್ಳಿ ಉಳಿಸಿಕೊಳ್ಳುತ್ತಿದ್ದೆವು. ನಾನು ವಿಜಯಪುರದಲ್ಲಿ ಐಟಿಐ ಫಿಟ್ಟರ್ ಮುಗಿಸಿ, ಬಬಲೇಶ್ವರದಲ್ಲಿ ಅಕ್ಕನ ಗಂಡನ ಜೊತೆ ಬೋರಿನ ಮೋಟಾರ್ ಎತ್ತುವ ಕೆಲಸಕ್ಕೆ ಹೋಗುತ್ತಿದ್ದೆ. ನೀರೇ ಇಲ್ಲದಾಗ ಮೋಟಾರ್ ಎತ್ತಿಸುವವರೂ ಇರಲಿಲ್ಲ. 2016ರ ಬೇಸಿಗೆಯಲ್ಲಿ ಗೋವಾಕ್ಕೆ ಹೋದೆ. ನಮ್ಮ ಜಿಲ್ಲೆಯವರು ಅಲ್ಲಿ ಬಹಳ ಮಂದಿ. ಜುವಾರಿನಗರದಲ್ಲಿ ಬಸ್ಸಿಳಿದರೆ ಕಿವಿಗೆ ಮೊದಲು ಬೀಳುವುದು ಕನ್ನಡವೇ.

ಒಂದು ವರ್ಷ ಕಟ್ಟಡದ ಕೆಲಸ ಮಾಡಿದೆ. ಆಮೇಲೆ ಮಾಂಡವಿ ನದಿಯ ಒಂದು ಕವಲಿನ ದಂಡೆಯಲ್ಲಿ ದೋಣಿ ರಿಪೇರಿ ಮಾಡುವ ಸಣ್ಣ ಯಾರ್ಡಿನಲ್ಲಿ ಸೇರಿಕೊಂಡೆ. ದೋಣಿ ಕೆಲಸ ಎಂದು ಫೋನಿನಲ್ಲಿ ಹೇಳಿದಾಗ ಅವ್ವನಿಗೆ ಅರ್ಥವಾಗಲಿಲ್ಲ. ನಮ್ಮ ಕಡೆ ಡೋಣಿ ಎಂದರೆ ಹೊಳೆ. ಸಾರವಾಡದ ಹತ್ತಿರ ಅದನ್ನು ದಾಟುತ್ತೇವೆ. ಅದರ ನೀರೂ ಉಪ್ಪು. "ಬ್ಯಾಸಗ್ಯಾಗ ಡೋಣ್ಯಾಗ ಏನ್ ಕೆಲಸ ಐತಿ?" ಎಂದು ಕೇಳಿದಳು. ನನಗೆ ಇವತ್ತಿಗೂ ಈಜು ಬರುವುದಿಲ್ಲ. ನಾನು ಕೆಲಸ ಮಾಡಿದ ದೋಣಿಗಳೆಲ್ಲ ನೆಲದ ಮೇಲೆ ಇದ್ದವು.

ಕೀಲ್ ಎಂದರೇನು ಎಂದು ಮೊದಲು ಹೇಳಬೇಕು. ಹಾಯಿದೋಣಿಯ ಹೊಟ್ಟೆಯ ಕೆಳಗೆ ಭಾರದ ಒಂದು ರೆಕ್ಕೆ ಇರುತ್ತದೆ. ಗಾಳಿ ಹಾಯಿಯನ್ನು ಒಂದು ಕಡೆಗೆ ನೂಕಿದಾಗ ದೋಣಿ ಅಡ್ಡ ಜಾರದಂತೆ ಅದು ನೀರನ್ನು ಒತ್ತಿ ಹಿಡಿಯುತ್ತದೆ. ವಾಲಿದ ದೋಣಿಯನ್ನು ತನ್ನ ಭಾರದಿಂದ ಮತ್ತೆ ನೆಟ್ಟಗೆ ನಿಲ್ಲಿಸುತ್ತದೆ. ಅಪ್ಪನಿಗೆ ಕುಂಟೆಯ ಮೇಲೆ ಕಲ್ಲು ಇಟ್ಟ ಹಾಗೆ ಎಂದು ಹೇಳಿದ್ದೆ. ಅಷ್ಟು ಸಾಕಾಯಿತು ಅವನಿಗೆ. ಕೆಲವು ಸಣ್ಣ ದೋಣಿಗಳಲ್ಲಿ ಈ ರೆಕ್ಕೆ ಗಟ್ಟಿಯಾಗಿ ಕೂತಿರುವುದಿಲ್ಲ. ಮುಂದಿನ ತುದಿಯಲ್ಲಿ ಒಂದು ಪಿನ್ನಿಗೆ ಸಿಕ್ಕಿಕೊಂಡು, ಕತ್ತರಿಯ ಅಲಗಿನಂತೆ ಕೆಳಗೆ ಇಳಿಯುತ್ತದೆ, ಮೇಲೆ ಮಡಚುತ್ತದೆ. ನೀರು ಕಡಿಮೆ ಇರುವ ಕಡೆ, ಮರಳು ದಿಬ್ಬ ಇರುವ ಹೊಳೆಯ ಬಾಯಲ್ಲಿ, ಅದನ್ನು ಎತ್ತಿಕೊಂಡು ಹೋಗಬಹುದು. ಎತ್ತುವುದಕ್ಕೆ ಒಳಗೆ ಒಂದು ಕೈ ವಿಂಚ್. ವಿಂಚಿನಿಂದ ಕೀಲಿನ ಹಿಂದಿನ ತುದಿಗೆ ಒಂದು ಕೇಬಲ್. ಇಷ್ಟೇ.

ಇಲ್ಲಿ ನನಗೆ ಮೊದಮೊದಲು ಗೊಂದಲವಾಗುತ್ತಿತ್ತು. ನಮ್ಮ ಭಾಷೆಯಲ್ಲಿ ಕೀಲು ಎಂದರೆ ತಿರುಗುವ ಜಾಗ. ಬಂಡಿಗೆ ಹಾಕುವುದು ಕೀಲೆಣ್ಣೆ. ಮೊಣಕಾಲಿನದೂ ಕೀಲು. ಅಲ್ಲಿ ಆ ಇಡೀ ಕಬ್ಬಿಣವೇ ಕೀಲ್, ತಿರುಗುವ ಜಾಗಕ್ಕೆ ಪಿನ್ ಎನ್ನುತ್ತಿದ್ದರು.

2019ರ ಮೇ ತಿಂಗಳು. ಲೋಕಸಭೆ ಮತ ಎಣಿಕೆ ಮುಗಿದ ಮರುದಿನ, ಶುಕ್ರವಾರ. ಮಳೆಗಾಲಕ್ಕೆ ಮುಂಚೆ ದೋಣಿಗಳನ್ನು ಮೇಲೆತ್ತಿ ಇಡುವ ಸಮಯ. ನಿವೃತ್ತರಾದ ಒಬ್ಬರು 22 ಅಡಿಯ ಹಳೆಯ ಹಾಯಿದೋಣಿಯೊಂದನ್ನು ಇನ್ನೊಬ್ಬರಿಂದ ಕೊಂಡಿದ್ದರು. ವಿದೇಶದಲ್ಲಿ ಮಾಡಿದ್ದು. ಲಂಗರು ಹಾಕಿ ನಿಲ್ಲಿಸಿದಾಗ ರಾತ್ರಿಯೆಲ್ಲ ಕೆಳಗಿನಿಂದ ಟಕ್ ಟಕ್ ಸದ್ದು ಬರುತ್ತದೆ ಎಂಬುದು ಅವರ ದೂರು. ನೋಡಿ ಹೇಳಬೇಕಿತ್ತು.

ಹೈಡ್ರಾ ಕ್ರೇನಿನಿಂದ ದೋಣಿಯನ್ನು ಎತ್ತಿ, ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಎತ್ತರಕ್ಕೆ ಕೂಡಿಸಿದೆವು. ಕೀಲನ್ನು ನಿಧಾನವಾಗಿ ಇಳಿಸಿ ಅದರ ತುದಿಯನ್ನು ಮರದ ದಿಮ್ಮಿಯ ಮೇಲೆ ಕೂಡಿಸಿದೆವು. ಬೀಡು ಕಬ್ಬಿಣ, ಸುಮಾರು 250 ಕಿಲೋ. ಮೈಯೆಲ್ಲ ಚಿಪ್ಪು ಹತ್ತಿತ್ತು. ಕೆರೆದು ತೆಗೆದೆವು. ಸುತ್ತಿಗೆಯಿಂದ ತಟ್ಟುತ್ತ ಹೋದೆ. ಗಟ್ಟಿ ಇರುವ ಕಡೆ ಟಣ್ ಎನ್ನುತ್ತದೆ. ತುಕ್ಕು ಪದರ ಬಿಟ್ಟಿರುವ ಕಡೆ ಡಬ್ ಎನ್ನುತ್ತದೆ. ನಾಲ್ಕು ಕಡೆ ಡಬ್ ಎಂದಿತು. ಸೀಮೆಸುಣ್ಣದಿಂದ ಗುರುತು ಹಾಕಿದೆ.

ಆಮೇಲೆ ಕೀಲನ್ನು ದಿಮ್ಮಿಯಿಂದ ಚೂರು ಎತ್ತಿಸಿ, ಪಕ್ಕದಲ್ಲಿ ನಿಂತು ತುದಿ ಹಿಡಿದು ಎಡಕ್ಕೆ ಬಲಕ್ಕೆ ಅಲ್ಲಾಡಿಸಿದೆ. ನಾಲ್ಕು ಬೆರಳಿನಷ್ಟು ಆಡಿತು. ಸದ್ದಿನ ಮೂಲ ಅದೇ. ಮತ್ತೆ ದಿಮ್ಮಿಯ ಮೇಲೆ ಇಳಿಸಿ ಪಿನ್ನಿನ ತುದಿ ನೋಡಿದೆ. ಕೆಂಪು ಬಣ್ಣಕ್ಕೆ ತಿರುಗಿತ್ತು. ಮೊದಲಿದ್ದವರು ಯಾರೋ ಕಂಚಿನ ಪಿನ್ ತೆಗೆದು ಹಿತ್ತಾಳೆಯದು ಹಾಕಿದ್ದರು. ಉಪ್ಪು ನೀರಿನಲ್ಲಿ ಹಿತ್ತಾಳೆಯೊಳಗಿನ ಸತು ಕರಗಿ ಹೋಗುತ್ತದೆ, ಕೆಂಪು ಬಣ್ಣದ ತಾಮ್ರ ಸ್ಪಂಜಿನಂತೆ ಉಳಿಯುತ್ತದೆ. ನೋಡುವುದಕ್ಕೆ ಪಿನ್ನೇ, ಬಲ ಇರುವುದಿಲ್ಲ. ಚೀಟಿಯಲ್ಲಿ ಬರೆದೆ: ಪಿನ್ ಬದಲಿಸಬೇಕು, ತೂತು ಅಗಲವಾಗಿದೆ, ಬುಶ್ ಹಾಕಬೇಕು.

ಕೇಬಲ್ ನೋಡಿದೆ. ಸ್ಟೇನ್‌ಲೆಸ್ ಸ್ಟೀಲು. ಹತ್ತಿ ಬಟ್ಟೆ ಹಿಡಿದು ಉದ್ದಕ್ಕೂ ಒರೆಸಿದೆ. ಎಳೆ ಮುರಿದಿದ್ದರೆ ಬಟ್ಟೆಗೆ ಸಿಕ್ಕುತ್ತದೆ. ಎಲ್ಲೂ ಸಿಗಲಿಲ್ಲ. ಕೇಬಲ್ ಸರಿ ಇದೆ ಎಂದು ಬರೆದೆ. ಕೀಲಿನ ಕಡೆಯ ತುದಿಯಲ್ಲಿ ಕೇಬಲ್ಲನ್ನು ಒಂದು ಲೋಹದ ತೋಳಿನೊಳಗೆ ಒತ್ತಿ ಕೂಡಿಸಿರುತ್ತಾರೆ. ಅದರ ಒಳಗೆ ಬಟ್ಟೆ ಹೋಗುವುದಿಲ್ಲ. ಉಪ್ಪು ನೀರು ಹೋಗುತ್ತದೆ. ಗಾಳಿಯಾಡದ ಇಂಥ ಸಂದಿಯಲ್ಲಿ ಉಪ್ಪು ನೀರು ನಿಂತರೆ ಸ್ಟೇನ್‌ಲೆಸ್ ಸ್ಟೀಲಿಗೂ ತುಕ್ಕು ಹಿಡಿಯುತ್ತದೆ. ಇದು ನನಗೆ ಗೊತ್ತಿತ್ತು. ಅದರ ಬಾಯಿಯ ಹತ್ತಿರ ಚಹಾದ ಬಣ್ಣದ ಒಂದು ಕಲೆಯೂ ಇತ್ತು. ನೋಡಿದ್ದೆ. ಬರೆಯಲಿಲ್ಲ.

ಹನ್ನೊಂದು ಗಂಟೆಯ ಹೊತ್ತಿಗೆ ದಿಮ್ಮಿ ಇದ್ದ ಜಾಗದಲ್ಲೇ ಕೆರೆಯಬೇಕಾಯಿತು. ದಿಮ್ಮಿಯನ್ನು ಒಂದು ಗೇಣು ಹಿಂದಕ್ಕೆ ಸರಿಸಬೇಕಿತ್ತು. ಸರಿಯಾದ ಕ್ರಮ ಎಂದರೆ ಮೊದಲು ಜಾಕ್ ಕೊಟ್ಟು, ಇನ್ನೊಂದು ದಿಮ್ಮಿ ಇಟ್ಟು, ಆಮೇಲೆ ಮೊದಲನೆಯದನ್ನು ತೆಗೆಯುವುದು. ಜಾಕ್ ಶೆಡ್ಡಿನ ಇನ್ನೊಂದು ಕೊನೆಯಲ್ಲಿ, ಬೇರೆ ದೋಣಿಯ ಕೆಳಗೆ ಇತ್ತು. ಬಿಸಿಲು ಜೋರಾಗಿತ್ತು. ನನ್ನ ಜೊತೆ ಬಾಗಲಕೋಟೆ ಕಡೆಯ ಒಬ್ಬ ಹುಡುಗ ಇದ್ದ, ಹತ್ತೊಂಬತ್ತು ವರ್ಷ. "ಜಾಕ್ ತರ್ಲೇನಣ್ಣಾ?" ಎಂದು ಕೇಳಿದ. "ಬ್ಯಾಡ, ಎರಡ ನಿಮಿಷದ ಕೆಲಸ. ವಿಂಚ್ ಎರಡ ಸುತ್ತ ತಿರುವು" ಎಂದೆ.

ಅವನು ಮೇಲೆ ಹತ್ತಿ ತಿರುವಿದ. ಕೀಲು ನಾಲ್ಕೈದು ಬೆರಳು ಮೇಲೆದ್ದಿತು. ನಾನು ಮೊಣಕಾಲೂರಿ ದಿಮ್ಮಿಯ ಮೇಲೆ ಬಲಗೈ ಇಟ್ಟು ಎಳೆದೆ. ಮಣ್ಣಿನಲ್ಲಿ ಹೂತಿದ್ದರಿಂದ ಬರಲಿಲ್ಲ. ಇನ್ನೊಂದು ಸಲ ಎಳೆದೆ. ಟಪ್ ಎಂದಿತು.

ನೋವು ಕೂಡಲೇ ಬರಲಿಲ್ಲ. ಯಾರೋ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ ಹಾಗಿತ್ತು. ಎಳೆದುಕೊಳ್ಳಲು ನೋಡಿದೆ. ತೋಳು ಬಂತು, ಕೈ ಬರಲಿಲ್ಲ. ಎರಡು ಬೆರಳು ಕಬ್ಬಿಣಕ್ಕೂ ದಿಮ್ಮಿಗೂ ನಡುವೆ ಇದ್ದವು. ಹತ್ತಿಯ ಕೈಗವಸು ಹಾಕಿದ್ದೆ, ರಕ್ತ ಕಾಣಲಿಲ್ಲ. ಹುಡುಗ ಮೇಲಿನಿಂದ "ವಿಂಚ್ ಖಾಲಿ ತಿರಗಾಕತ್ತೈತಿ" ಎಂದು ಕೂಗಿದ. ಆಗ ಕೇಬಲ್ ಹರಿದಿದೆ ಎಂದು ತಿಳಿಯಿತು.

ಅವನು ಇಳಿದು ಬಂದು ನೋಡಿದ. ಎರಡೂ ಕೈಯಿಂದ ಕೀಲನ್ನು ಎತ್ತಲು ನೋಡಿದ. ಮತ್ತೆ ಮತ್ತೆ ನೋಡಿದ. ಅಳುತ್ತಿದ್ದ. ನಾನು ಸಣ್ಣ ದನಿಯಲ್ಲಿ ಜಾಕ್ ತಾ ಎಂದೆ. ಅವನಿಗೆ ಕೇಳಿಸಲಿಲ್ಲ. ಬೈದೆ. ಓಡಿದ.

ಒಬ್ಬನೇ ಉಳಿದೆ. ಆಗ ಹೆದರಿಕೆ ಬಂತು. ಬೆರಳಿನದಲ್ಲ. ಕೇಬಲ್ ಹೋಯಿತು, ಈಗ ಕೀಲಿನ ಒಂದು ತುದಿ ನನ್ನ ಬೆರಳ ಮೇಲಿದೆ, ಇನ್ನೊಂದು ತುದಿ ಆ ಕೆಂಪು ಪಿನ್ನಿನಲ್ಲಿದೆ. ಅರ್ಧ ಗಂಟೆ ಹಿಂದೆ ಬದಲಿಸಬೇಕು ಎಂದು ಬರೆದ ಪಿನ್. ಅದು ಮುರಿದರೆ ಕೀಲು ನನ್ನ ಮೇಲೆ ಹೊರಳುತ್ತಿತ್ತು. ತಲೆ ಎತ್ತಿ ಅದನ್ನೇ ನೋಡುತ್ತಿದ್ದೆ. ಕೆರೆದು ಹಾಕಿದ ಚಿಪ್ಪು ಬಿಸಿಲಿಗೆ ಕೊಳೆಯುವ ವಾಸನೆ ಬರುತ್ತಿತ್ತು. ನೋವು ಆಗ ಶುರುವಾಯಿತು. ಮೊಣಕೈವರೆಗೆ ಬಂತು, ಆಮೇಲೆ ಹೊಟ್ಟೆಯಲ್ಲಿ ತೊಳಸಿತು. ವಾಂತಿ ಮಾಡಿಕೊಂಡೆ. ದೇವರನ್ನು ನೆನೆದೆನೋ ಇಲ್ಲವೋ ನೆನಪಿಲ್ಲ. ಮೋಟಾರ್ ಎತ್ತುವಾಗ ಮಾವ, ಅಂದರೆ ಅಕ್ಕನ ಗಂಡ, ಮಾಡುತ್ತಿದ್ದದ್ದು ನೆನಪಾಯಿತು. ಕ್ಲಾಂಪ್ ಕಚ್ಚದೇ ಪೈಪಿನ ಕೆಳಗೆ ಕೈ ಹಾಕಿದರೆ ಅವನು ನನ್ನ ಕೈಗೆ ಪಾನಾದಿಂದ ಹೊಡೆಯುತ್ತಿದ್ದ. 

ಹುಡುಗ ಜಾಕ್ ತಂದ. ಜೊತೆಗೆ ಇನ್ನಿಬ್ಬರು ಬಂದರು. ನೆಲ ಮೆತ್ತಗಿತ್ತು. ಕೆಳಗೆ ಹಲಗೆ ಹಾಕಲು ಹೇಳಿದೆ. ಹಾಕಿದರು. ಕೀಲಿನ ಅಂಚು ದುಂಡಗೆ ಇದ್ದದ್ದು ನನಗೆ ಹೊಳೆಯಲಿಲ್ಲ. ಜಾಕಿನ ತಲೆ ಒಂದು ಬೆರಳು ಎತ್ತಿ, ಜಾರಿತು. ಕೀಲು ಮತ್ತೆ ಕೂತಿತು. ಆವತ್ತಿನ ಅತಿ ದೊಡ್ಡ ನೋವು ಅದೇ. ಅದಕ್ಕಿಂತ ಹೆಚ್ಚು ಅದರ ಬಗ್ಗೆ ಹೇಳಲಾರೆ. ಎರಡನೆಯ ಸಲ ಜಾಕಿನ ತಲೆಯ ಮೇಲೆ ಒಂದು ಚಕ್ಕೆ ಮರ ಇಟ್ಟರು. ಎದ್ದಿತು. ಕೈ ತೆಗೆದುಕೊಂಡೆ. ಒಟ್ಟು ಏಳೆಂಟು ನಿಮಿಷ ಎಂದು ಆಮೇಲೆ ಹೇಳಿದರು.

ಪಿನ್ ಮುರಿಯಲಿಲ್ಲ. ಅದು ಅರ್ಧ ಭಾರ ಹೊತ್ತಿದ್ದರಿಂದಲೇ ಅಂಗೈ ಉಳಿಯಿತು. ನಾನು ಕೆಟ್ಟಿದೆ ಎಂದದ್ದು ತಡೆದುಕೊಂಡಿತು, ಸರಿ ಇದೆ ಎಂದದ್ದು ಹರಿಯಿತು.

ಆಸ್ಪತ್ರೆಯಲ್ಲಿ ಕೈಗವಸನ್ನು ಕತ್ತರಿಸಿ ತೆಗೆದರು. ಧನುರ್ವಾಯುವಿನ ಚುಚ್ಚುಮದ್ದು, ಎಕ್ಸ್-ರೇ. ಡಾಕ್ಟರು ಹಿಂದಿಯಲ್ಲಿ ಹೇಳಿದ್ದು ಅರ್ಧ ತಿಳಿಯಿತು. ಒಬ್ಬ ನರ್ಸ್ ಕಾರವಾರದ ಕಡೆಯವರು. ನನ್ನ ಹಿಂದಿ ಕೇಳಿ ಕನ್ನಡದಲ್ಲಿ ಮಾತಾಡಿದರು. "ಒಂದು ಬೆರಳಿನ ತುದಿ ತೆಗೀಬೇಕು. ಇನ್ನೊಂದರ ಕೀಲು ಉಳಿಸೋಕೆ ನೋಡ್ತಾರೆ." ಕೀಲು ಎಂದಾಗ ಒಂದು ಕ್ಷಣ ನನಗೆ ದೋಣಿಯದು ಎನಿಸಿತು. ಒಪ್ಪಿಗೆ ಪತ್ರಕ್ಕೆ ಸಹಿ ಬೇಕಿತ್ತು. ಬಲಗೈ ಇರಲಿಲ್ಲ. ಎಡಗೈಯಿಂದ ಬರೆಯಲು ಬರಲಿಲ್ಲ. ಹೆಬ್ಬೆಟ್ಟು ಒತ್ತಿದೆ. ನಮ್ಮ ಮನೆಯಲ್ಲಿ ಹೆಬ್ಬೆಟ್ಟು ಒತ್ತಿದ್ದು ಅಜ್ಜನೇ ಕೊನೆ ಎಂದುಕೊಂಡಿದ್ದೆ.

ಆರು ದಿನ ಅಲ್ಲಿದ್ದೆ. ಹುಡುಗ ರಾತ್ರಿ ಪಕ್ಕದಲ್ಲೇ ನೆಲದ ಮೇಲೆ ಮಲಗುತ್ತಿದ್ದ. ತಾನು ವಿಂಚನ್ನು ಸರಿಯಾಗಿ ಹಿಡಿಯಲಿಲ್ಲವೇನೋ ಎಂಬುದು ಅವನ ಚಿಂತೆ. ಅಲ್ಲ ಎಂದು ಹೇಳಿದೆ. ಮೂರನೆಯ ದಿನ ದೋಣಿಯ ಮಾಲೀಕರು ಬಂದರು. ಬಹಳ ಹೊತ್ತು ನಿಂತೇ ಇದ್ದರು. ಊಟ ಆಯಿತೇ ಎಂದು ಕೇಳಿದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಆಮೇಲೆ ಎರಡು ಸಲ, ನಾನು ಕೇಳದೇ, ದುಡ್ಡು ಕಳಿಸಿದರು. ನನ್ನನ್ನು ಕೆಲಸಕ್ಕೆ ಇಟ್ಟುಕೊಂಡಿದ್ದ ಗುತ್ತಿಗೆದಾರ ಮೊದಲ ಬಿಲ್ ಕಟ್ಟಿದ. ಕಾಗದ ಪತ್ರ ಏನೂ ಇರಲಿಲ್ಲ, ವಿಮೆಯೂ ಇರಲಿಲ್ಲ. ದಿಮ್ಮಿ ತೆಗೆದವನು ನೀನೇ ಎಂದ. ಅದು ನಿಜ. ಜೂನ್ ಮುಗಿಯುವ ಹೊತ್ತಿಗೆ ಫೋನ್ ಎತ್ತುವುದನ್ನು ಬಿಟ್ಟ. ಯಾರ್ಡಿಗೆ ಒಂದೇ ಜಾಕ್ ಯಾಕಿತ್ತು ಎಂದು ಅವನನ್ನು ಕೇಳಬೇಕೆಂದಿದ್ದೆ.

ರಾತ್ರಿ ಬಸ್ಸಿನಲ್ಲಿ ಊರಿಗೆ ಹೊರಟೆ. ಕೈ ಕೆಳಗೆ ಬಿಟ್ಟರೆ ಬಡಿಯುತ್ತಿತ್ತು. ಮೇಲಿನ ಕಂಬಿ ಹಿಡಿದವನ ಹಾಗೆ ಎತ್ತಿಯೇ ಇಟ್ಟುಕೊಂಡೆ. ಘಟ್ಟದ ತಿರುವಿನಲ್ಲಿ ಪಕ್ಕದಲ್ಲಿ ಕೂತಿದ್ದ ಮುದುಕ ಏನೂ ಕೇಳದೆ ತನ್ನ ಹೆಗಲ ಮೇಲೆ ನನ್ನ ಮೊಣಕೈ ಇಟ್ಟುಕೊಂಡ. ಬೆಳಗಾವಿಯಲ್ಲಿ ಇಳಿದು ಹೋದ.

ಅವ್ವ ಕೈ ನೋಡಿ ಏನೂ ಅನ್ನಲಿಲ್ಲ. ಒಳಗೆ ಹೋಗಿ ನೀರು ತಂದಳು. ಅಪ್ಪ ಎಷ್ಟು ಬೆರಳು ಎಂದು ಕೇಳಿದ. ಒಂದು, ಅದೂ ತುದಿ ಎಂದೆ. ಹೂಂ ಎಂದು ತೋಟಕ್ಕೆ ಹೋದ.

ದಿನ ಬಿಟ್ಟು ದಿನ ವಿಜಯಪುರಕ್ಕೆ ಡ್ರೆಸ್ಸಿಂಗಿಗೆ ಹೋಗುತ್ತಿದ್ದೆ. ಜೂನ್ ಎರಡನೆಯ ವಾರ ನಡುಬೆರಳು ಕೀವು ಹಿಡಿಯಿತು, ಮತ್ತೆ ಬಿಚ್ಚಿ ತೊಳೆದರು. ಬಟ್ಟೆ ಅಂಟಿಕೊಂಡಿದ್ದನ್ನು ಬಿಡಿಸುವಾಗ ಗೋಡೆ ನೋಡುತ್ತಿದ್ದೆ. ತಿಕೋಟಾ ಬಸ್ಸಿಗೆ ಹೊತ್ತಿದ್ದರೆ ಕೋಟೆಯ ಪಡುವಣ ದಿಕ್ಕಿನ ಬುರುಜಿಗೆ ಹೋಗಿ ಮಲಿಕ್-ಎ-ಮೈದಾನ್ ತೋಪಿನ ಪಕ್ಕ ಕೂರುತ್ತಿದ್ದೆ. 55 ಟನ್ ತೂಕ ಎನ್ನುತ್ತಾರೆ. ಅಹಮದನಗರದಲ್ಲಿ ಎರಕ ಹೊಯ್ದದ್ದನ್ನು ಇಲ್ಲಿಗೆ ತಂದು, ಬುರುಜಿನ ಮೇಲೆ ಏರಿಸಿದ್ದಾರೆ. ಬಂದವರು ಅದರ ಬಾಯಲ್ಲಿ ಕೆತ್ತಿದ ಸಿಂಹ, ಆನೆ ನೋಡಿ ಫೋಟೋ ತೆಗೆಸಿಕೊಳ್ಳುತ್ತಾರೆ. ನಾನು, ಇದನ್ನು ಎತ್ತುವಾಗ ಕೆಳಗೆ ಏನು ಕೊಟ್ಟಿದ್ದರು, ಎಷ್ಟು ಜನರ ಕೈ ಹೋಗಿರಬೇಕು ಎಂದು ಲೆಕ್ಕ ಹಾಕುತ್ತಿದ್ದೆ.

ಹೊಲಿಗೆ ಬಿಚ್ಚಿದ ಮೇಲೆ ಬೆರಳಿಗೆ ವ್ಯಾಯಾಮ ಹೇಳಿದರು. ಸಣ್ಣ ಕಾಳು ಹೆಕ್ಕಬೇಕು. ಅವ್ವ ಒಣದ್ರಾಕ್ಷಿಯ ಬುಟ್ಟಿ ಮುಂದಿಟ್ಟಳು. ಕಡ್ಡಿ ಬಿಡಿಸು ಎಂದಳು. ಮೊದಲ ದಿನ ಒಂದು ಹಿಡಿಯೂ ಆಗಲಿಲ್ಲ. ಬೆರಳು ಅಂಟಿಗೆ ಜಾರುತ್ತಿತ್ತು. ಉಂಗುರ ಬೆರಳಿನ ಮೊಂಡು ತುದಿಗೆ ಹಣ್ಣು ತಾಗಿದರೆ ಮಿಂಚು ಹೊಡೆದ ಹಾಗಾಗುತ್ತಿತ್ತು. ಜುಲೈ ಕೊನೆಗೆ ಒಂದು ಬುಟ್ಟಿ ಮುಗಿಸುತ್ತಿದ್ದೆ. ಅದಕ್ಕೆ ಅವಳು ಕೂಲಿ ಕೊಡಲಿಲ್ಲ ಎಂದು ಅಕ್ಕ ನಗಾಡಿದಳು. ಆ ಎರಡು ತಿಂಗಳಲ್ಲಿ ನಾನು ನಕ್ಕದ್ದು ಅದೊಂದೇ ಸಲ ಎಂದು ಕಾಣುತ್ತದೆ.

ಆಗಸ್ಟಿನಲ್ಲಿ ಕೃಷ್ಣೆಗೆ ಮಹಾಪೂರ ಬಂತು. ಜಮಖಂಡಿ ಕಡೆಯ ಊರುಗಳಿಗೆ ನೀರು ನುಗ್ಗಿತು. ನಮ್ಮ ತೋಟಕ್ಕೆ ಆಗಲೂ ಟ್ಯಾಂಕರೇ. ಟಿವಿಯಲ್ಲಿ ಸೈನಿಕರು ರಬ್ಬರ್ ದೋಣಿಯಲ್ಲಿ ಜನರನ್ನು ಕರೆತರುತ್ತಿದ್ದರು. ಅಪ್ಪ ಅದಕ್ಕೆ ಕೀಲ್ ಇರುತ್ತದೆಯೇ ಎಂದು ಕೇಳಿದ. ಇಲ್ಲ, ಅದಕ್ಕೆ ಹಾಯಿ ಇಲ್ಲವಲ್ಲ ಎಂದೆ. ಕೈಯ ವಿಷಯ ಬಿಟ್ಟು ದೋಣಿಯ ಬಗ್ಗೆ ಅವನು ಮಾತಾಡಿದ್ದು ಅದೇ ಮೊದಲು.

ಅಕ್ಟೋಬರಿನಲ್ಲಿ ಬಬಲೇಶ್ವರಕ್ಕೆ ಹೋದೆ. ಮಾವನ ಕೆಲಸ ಮತ್ತೆ ಹತ್ತಿಕೊಂಡಿತ್ತು. ಮೂರು ಕಾಲಿನ ಕಂಬ, ಚೈನ್ ಪುಲ್ಲಿ, 20 ಅಡಿಯ ಪೈಪ್ ಒಂದೊಂದೇ ಬಿಚ್ಚುತ್ತ ಮೋಟಾರ್ ಮೇಲೆ ತರುವುದು. ಒಂದು ಕ್ಲಾಂಪ್ ಪೈಪನ್ನು ಕಚ್ಚಿ ಕೇಸಿಂಗಿನ ಮೇಲೆ ಕೂತರೆ ಇನ್ನೊಂದನ್ನು ಬಿಚ್ಚಬೇಕು. ಮೊದಲ ದಿನ ಕ್ಲಾಂಪಿನ ಹತ್ತಿರ ಹೋಗಲು ಆಗಲಿಲ್ಲ. ಕಾಲು ನಿಂತುಬಿಟ್ಟಿತು. ಹೊಲದ ಮಾಲೀಕ, ಹುಡುಗ ಯಾಕೆ ಸುಮ್ಮನೆ ನಿಂತಿದ್ದಾನೆ ಎಂದು ಕೇಳಿದ. ಅವನು ಲೆಕ್ಕ ಬರೆಯುವವನು ಎಂದ ಮಾವ. ನನ್ನ ಕೈಗೆ ಪುಸ್ತಕ ಕೊಟ್ಟ. ಮೂರು ಬೋರಿಗೆ ಪೈಪಿನ ಲೆಕ್ಕ ಬರೆದೆ, ಎಡಗೈಯಿಂದ. ಅಕ್ಷರ ಅಷ್ಟು ಹೊತ್ತಿಗೆ ಬಂದಿತ್ತು. ನಾಲ್ಕನೆಯ ಬೋರಿಗೆ ಮಾವ ಪಾನಾ ಕೊಟ್ಟ. ನಟ್ಟು ಬಿಗಿದೆ. ಬಿಗಿದ ಮೇಲೆ ಚೈನ್ ಸಡಿಲು ಬಿಡಿಸಿ, ಪೈಪು ಕ್ಲಾಂಪಿನ ಮೇಲೇ ನಿಂತಿದೆಯೇ ಎಂದು ನೋಡಿದೆ. ಎರಡು ಸಲ ನೋಡಿದೆ. ತಡವಾಗುತ್ತದೆ ಎಂದು ಯಾರೂ ಅನ್ನಲಿಲ್ಲ.

ದೀಪಾವಳಿ ಮುಗಿದು ಸ್ವಲ್ಪ ದಿನಕ್ಕೆ ಆ ಹುಡುಗನ ಫೋನ್ ಬಂತು. ದೋಣಿ ನೀರಿಗೆ ಇಳಿದಿದೆ ಎಂದ. ಸದ್ದು ಬರುತ್ತದೆಯೇ ಎಂದು ಕೇಳಿದೆ. ಇಲ್ಲ ಎಂದ.

"ಪಿನ್ ಯಾವುದು ಹಾಕಿದ್ರಿ?"

"ಕಂಚಿಂದು. ಬುಶ್ ಹಾಕೀವಿ."

"ಕೇಬಲ್?"

"ಹೊಸಾದು."

"ಹಾಕುವಾಗ ಕೆಳಗ?"

"ದಿಮ್ಮಿ ಇತ್ತಣ್ಣಾ."

"ಎಷ್ಟು?"

"ಎರಡು. ಜಾಕೂ ಇತ್ತು."

ಹೊಸ ಜಾಕ್ ತಂದರೇನು ಎಂದು ಕೇಳಿದೆ. ಇಲ್ಲ, ಅದೇ ಹಳೆಯದು, ಹೋಗಿ ತಂದೆ ಎಂದ.